ಡ್ರೋನ್ ಹಾರಿಸೋ ಮುಂಚೆ ಮೂರು ಪ್ರಶ್ನೆ: ತೂಕ ಎಷ್ಟು, ಜಾಗ ಯಾವುದು, ಕೆಲಸ ಏನು? ಶಿವಮೊಗ್ಗ ಜಿಲ್ಲೆಯವರು ತಿಳಿದಿರಬೇಕಾದ ನಿಯಮಗಳು

ಶಿವಮೊಗ್ಗ: ಮದುವೆ, ಗೃಹಪ್ರವೇಶ, ಊರ ಜಾತ್ರೆ, ಹೊಸ ಲೇಔಟ್ ಜಾಹೀರಾತು, ಗದ್ದೆಗೆ ಔಷಧಿ ಹೊಡೆಯೋದು, ಈಗ ಎಲ್ಲದಕ್ಕೂ ಡ್ರೋನ್. ಆದರೆ ‘ಪರ್ಮಿಷನ್ ಬೇಕಾ?’ ಅಂತ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ‘ಸ್ಟೇಷನ್‌ಗೆ ಒಂದು ಮಾತು ಹೇಳಿದ್ರೆ ಸಾಕು’ ಅಂತ ಒಬ್ಬರು, ‘ಚಿಕ್ಕ ಡ್ರೋನ್‌ಗೆ ಏನೂ ಬೇಡ ಬಿಡಿ’ ಅಂತ ಇನ್ನೊಬ್ಬರು. ಎರಡೂ ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದೇ ಹೋದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ಕಾರಣವೂ ಇದೆ. ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು, ಅದೇ ವರ್ಷ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಹಾರಾಟ ಶುರುವಾಯಿತು. ಅದಕ್ಕೂ ಮುಂಚೆ ನಮ್ಮೂರಿನ ಟೆರೇಸ್ ಮೇಲಿಂದ ಯೋಚನೆಯಿಲ್ಲದೆ ಡ್ರೋನ್ ಎಬ್ಬಿಸುತ್ತಿದ್ದವರಿಗೆ ಈಗ ಅದೇ ಟೆರೇಸ್ ಮೇಲೆ ಬೇರೆ ಲೆಕ್ಕ. ಮನೆ ಅದೇ, ಡ್ರೋನ್ ಅದೇ, ಮೇಲಿನ ಆಕಾಶದ ನಿಯಮ ಮಾತ್ರ ಬದಲಾಗಿದೆ.

ಸದ್ಯ ದೇಶದಲ್ಲಿ ಜಾರಿಯಲ್ಲಿರುವುದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2021ರ ಆಗಸ್ಟ್‌ನಲ್ಲಿ ತಂದ ‘ಡ್ರೋನ್ ನಿಯಮಗಳು, 2021’ ಮತ್ತು ನಂತರದ ತಿದ್ದುಪಡಿಗಳು. ಜಾರಿ ಮಾಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ನಿಯಮ ಓದಲು ಉದ್ದ ಇದೆ. ಆದರೆ ಮೂರು ಪ್ರಶ್ನೆ ಕೇಳಿಕೊಂಡರೆ ನಿಮಗೆ ಯಾವುದು ಅನ್ವಯ ಅಂತ ಗೊತ್ತಾಗುತ್ತದೆ.

1. ತೂಕ ಎಷ್ಟು?

ಡ್ರೋನ್‌ಗಳನ್ನು ತೂಕದ ಮೇಲೆ ಐದು ವರ್ಗ ಮಾಡಿದ್ದಾರೆ.

- ನ್ಯಾನೊ: 250 ಗ್ರಾಂವರೆಗೆ
- ಮೈಕ್ರೊ: 250 ಗ್ರಾಂ ಮೀರಿ 2 ಕೆ.ಜಿ.ವರೆಗೆ
- ಸ್ಮಾಲ್: 2 ಕೆ.ಜಿ. ಮೀರಿ 25 ಕೆ.ಜಿ.ವರೆಗೆ
- ಮೀಡಿಯಂ: 25 ಕೆ.ಜಿ. ಮೀರಿ 150 ಕೆ.ಜಿ.ವರೆಗೆ
- ಲಾರ್ಜ್: 150 ಕೆ.ಜಿ. ಮೇಲೆ

ಇಲ್ಲಿ ತೂಕ ಅಂದರೆ ಬರೀ ಮಷಿನ್ ತೂಕ ಅಲ್ಲ. ಬ್ಯಾಟರಿ, ಕ್ಯಾಮೆರಾ, ಹೊತ್ತ ಸಾಮಾನು, ಔಷಧಿ ಡ್ರೋನ್ ಆದರೆ ಟ್ಯಾಂಕಿನಲ್ಲಿರುವ ದ್ರಾವಣ, ಎಲ್ಲ ಸೇರಿ ಲೆಕ್ಕ. 249 ಗ್ರಾಂ ಅಂತ ಬಾಕ್ಸ್ ಮೇಲೆ ಬರೆದಿರುವ ಡ್ರೋನ್‌ಗೆ ದೊಡ್ಡ ಬ್ಯಾಟರಿ ಹಾಕಿದರೆ ಅಥವಾ ರೆಕ್ಕೆಗೆ ಗಾರ್ಡ್ ಕೂರಿಸಿದರೆ ಅದು 250 ದಾಟಿ ಮೈಕ್ರೊ ಆಗಿಬಿಡುತ್ತದೆ. ಅನುಮಾನ ಇದ್ದರೆ ಬಂಗಾರದಂಗಡಿ ಅಥವಾ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಮೇಲೆ ಒಮ್ಮೆ ಇಟ್ಟು ನೋಡಿ, ಐದು ನಿಮಿಷದ ಕೆಲಸ.

ಮದುವೆ ಶೂಟಿಂಗ್‌ನ ಡ್ರೋನ್‌ಗಳು ಹೆಚ್ಚಾಗಿ ನ್ಯಾನೊ ಅಥವಾ ಮೈಕ್ರೊ. 10 ಲೀಟರ್ ಟ್ಯಾಂಕಿನ ಔಷಧಿ ಡ್ರೋನ್‌ಗಳು ಸಾಮಾನ್ಯವಾಗಿ ಸ್ಮಾಲ್ ವರ್ಗದವು.

2. ಜಾಗ ಯಾವುದು?

ಆಕಾಶವನ್ನು ಮೂರು ಬಣ್ಣದಲ್ಲಿ ಗುರುತು ಮಾಡಿದ್ದಾರೆ. ಟ್ರಾಫಿಕ್ ಸಿಗ್ನಲ್ ಇದ್ದ ಹಾಗೆ.

ಹಸಿರು ವಲಯ: ನೆಲದಿಂದ 400 ಅಡಿ ಎತ್ತರದವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8 ರಿಂದ 12 ಕಿ.ಮೀ. ನಡುವಿನ ಜಾಗದಲ್ಲಿ ಮಾತ್ರ ಈ ಮಿತಿ 200 ಅಡಿ.

ಹಳದಿ ವಲಯ: ಹಾರಿಸಬಹುದು, ಆದರೆ ಏರ್ ಟ್ರಾಫಿಕ್ ಕಂಟ್ರೋಲ್ ಅನುಮತಿ ಪಡೆದ ಮೇಲೆ. ಹಸಿರು ಜಾಗದಲ್ಲೇ 400 ಅಡಿ ದಾಟಿದರೆ, ಅಥವಾ ಮೇಲೆ ಹೇಳಿದ 8-12 ಕಿ.ಮೀ. ಉಂಗುರದಲ್ಲಿ 200 ಅಡಿ ದಾಟಿದರೆ ನೀವು ಹಳದಿಗೆ ಹೋದ ಹಾಗೆ.

ಕೆಂಪು ವಲಯ: ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಸ್ಟೇಷನ್ನಿನಲ್ಲಿ ಕೇಳಿದೆ, ಪರಿಚಯದವರು ಹೂಂ ಅಂದರು ಅನ್ನೋದು ಇಲ್ಲಿ ನಡೆಯೋದಿಲ್ಲ.

ವಿಮಾನ ನಿಲ್ದಾಣದ ಸುತ್ತ ಸಾಮಾನ್ಯವಾಗಿ ಮೊದಲ 5 ಕಿ.ಮೀ. ಕೆಂಪು, ಆಮೇಲೆ 8 ಕಿ.ಮೀ.ವರೆಗೆ ಹಳದಿ. ಈ ದೂರವನ್ನು ಅಳೆಯುವುದು ನಿಲ್ದಾಣದ ಗಡಿಯಿಂದ, ಊರಿನ ಸರ್ಕಲ್‌ನಿಂದಲ್ಲ. ರಸ್ತೆಯ ಕಿಲೋಮೀಟರ್ ಕಲ್ಲನ್ನೂ ನಂಬಬೇಡಿ. ರಸ್ತೆ ಸುತ್ತಿ ಬಳಸಿ ಹೋಗುತ್ತದೆ, ಇಲ್ಲಿ ಲೆಕ್ಕ ಹಕ್ಕಿ ಹಾರಿದ ಹಾಗೆ ನೇರ ದೂರ. ಸೋಗಾನೆಯಿಂದ ನೇರ ಗೆರೆ ಎಳೆದರೆ ಶಿವಮೊಗ್ಗ ನಗರದ ಮಧ್ಯಭಾಗವೂ ಭದ್ರಾವತಿ ಪೇಟೆಯೂ 12 ಕಿ.ಮೀ. ಒಳಗೇ ಬರುತ್ತವೆ. ಸೋಗಾನೆ ಸುತ್ತಲಿನ ಹಳ್ಳಿಗಳಂತೂ ಕೆಂಪು, ಹಳದಿ ಲೆಕ್ಕದಲ್ಲೇ ನೋಡಬೇಕಾದವು. ಸಾಗರ, ಸೊರಬ, ಶಿಕಾರಿಪುರ, ಹೊಸನಗರ, ತೀರ್ಥಹಳ್ಳಿ ಪೇಟೆಗಳು ಈ ಉಂಗುರದಿಂದ ಬಹಳ ಹೊರಗಿವೆ. ಹಾಗಂತ ಅಲ್ಲಿ ಬೇರೆ ನಿರ್ಬಂಧ ಇಲ್ಲವೇ ಇಲ್ಲ ಅಂತಲ್ಲ.

ನಿಮ್ಮ ಮನೆ, ತೋಟ, ಕಲ್ಯಾಣ ಮಂಟಪ ಯಾವ ಬಣ್ಣದಲ್ಲಿದೆ ಅಂತ ನೋಡಲು ‘ಡಿಜಿಟಲ್ ಸ್ಕೈ’ ಪೋರ್ಟಲ್‌ನಲ್ಲಿ ದೇಶದ ವಾಯುಪ್ರದೇಶದ ಮ್ಯಾಪ್ ಇದೆ. ದುಡ್ಡು ಕಟ್ಟಬೇಕಿಲ್ಲ, ಮೊಬೈಲ್‌ನಲ್ಲೇ ತೆರೆಯುತ್ತದೆ. ಅಲ್ಲಿ ಕಂಡ ಬಣ್ಣವೇ ಕೊನೆಯ ಮಾತು. ಪ್ರತಿ ಹಾರಾಟಕ್ಕೂ ಮುನ್ನ ಆ ಜಾಗಕ್ಕೆ ಹೊಸ ನಿರ್ಬಂಧ ಬಂದಿದೆಯಾ ಅಂತ ಪೋರ್ಟಲ್‌ನಲ್ಲಿ ನೋಡುವುದು ಪೈಲಟ್‌ಗೆ ಕಡ್ಡಾಯ. ಹೋದ ತಿಂಗಳು ಹಸಿರಿತ್ತು ಅನ್ನೋದು ಉತ್ತರ ಆಗೋದಿಲ್ಲ.

200 ಅಡಿ ಅಂದರೆ ಎಷ್ಟು?

ಸುಮಾರು 60 ಮೀಟರ್. ಎತ್ತರವಾಗಿ ಬೆಳೆದ ಮೂರು ಅಡಿಕೆ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಅಂದುಕೊಳ್ಳಿ. ಮದುವೆ ಮಂಟಪದ ಮೇಲಿನ ದೃಶ್ಯಕ್ಕೆ ಇಷ್ಟು ಧಾರಾಳ ಸಾಕು.

ಒಂದು ವಿಷಯ ಗಮನಿಸಿ. ರಿಮೋಟ್ ಪರದೆ ಮೇಲೆ ಕಾಣುವ ಎತ್ತರ ಡ್ರೋನ್ ಎದ್ದ ಜಾಗದಿಂದ ಲೆಕ್ಕ ಹಾಕಿದ್ದು. ನಾಲ್ಕು ಮಹಡಿ ಕಟ್ಟಡದ ಟೆರೇಸ್ ಮೇಲಿಂದ ಎಬ್ಬಿಸಿ 190 ಅಡಿ ತೋರಿಸಿದರೆ, ಕೆಳಗಿನ ರಸ್ತೆಯಿಂದ ಅದು 200 ದಾಟಿರುತ್ತದೆ. ನಗರದ ಒಳಗೆ ಹಾರಿಸುವವರು ಆ್ಯಪ್‌ನಲ್ಲಿ ಗರಿಷ್ಠ ಎತ್ತರವನ್ನು 150 ಅಡಿಗೆ ಲಾಕ್ ಮಾಡಿಟ್ಟುಕೊಂಡರೆ ತಲೆನೋವಿಲ್ಲ.

3. ಕೆಲಸ ಏನು? ಲೈಸೆನ್ಸ್ ಯಾರಿಗೆ ಬೇಕು?

ಈಗ ಅದನ್ನು ‘ರಿಮೋಟ್ ಪೈಲಟ್ ಸರ್ಟಿಫಿಕೇಟ್’ ಅಂತಾರೆ. ಚಿಕ್ಕದಾಗಿ ಆರ್‌ಪಿಸಿ. ಇದು ಬೇಡದವರು ಇಬ್ಬರೇ: ನ್ಯಾನೊ ಹಾರಿಸುವವರು, ಮತ್ತು ದುಡ್ಡಿನ ಉದ್ದೇಶವಿಲ್ಲದೆ ಮೈಕ್ರೊ ಹಾರಿಸುವವರು. ಉಳಿದ ಎಲ್ಲರಿಗೂ ಬೇಕು.

ನಮ್ಮ ಫೋಟೊ ಸ್ಟುಡಿಯೋದವರು ಎಡವುವುದು ಇಲ್ಲೇ. 800-900 ಗ್ರಾಂ ತೂಕದ ಡ್ರೋನ್‌ನಲ್ಲಿ ತನ್ನ ತೋಟದ ವಿಡಿಯೊ ತೆಗೆದುಕೊಳ್ಳುವವನಿಗೆ ಸರ್ಟಿಫಿಕೇಟ್ ಬೇಡ. ಅದೇ ಡ್ರೋನ್ ತಂದು ಮದುವೆ ಮನೆಯಲ್ಲಿ ದುಡ್ಡು ತಗೊಂಡು ಶೂಟ್ ಮಾಡಿದರೆ ಅದು ವಾಣಿಜ್ಯ ಕೆಲಸ, ಸರ್ಟಿಫಿಕೇಟ್ ಬೇಕೇ ಬೇಕು. ಸೈಟ್ ಮಾರಾಟದ ವಿಡಿಯೊ, ಅಂಗಡಿ ಉದ್ಘಾಟನೆಯ ರೀಲ್, ಯೂಟ್ಯೂಬ್‌ಗೆ ದುಡ್ಡು ಪಡೆದು ಮಾಡುವ ಪ್ರಚಾರ ಕೂಡ ಇದೇ ಸಾಲಿಗೆ ಬರುತ್ತವೆ.

ಸರ್ಟಿಫಿಕೇಟ್ ಪಡೆಯಲು:

- ವಯಸ್ಸು 18 ರಿಂದ 65 ವರ್ಷದೊಳಗೆ ಇರಬೇಕು
- ಎಸ್ಸೆಸ್ಸೆಲ್ಸಿ ಅಥವಾ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗಿರಬೇಕು
- ಡಿಜಿಸಿಎ ಮಾನ್ಯತೆ ಇರುವ ತರಬೇತಿ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ಪರೀಕ್ಷೆ ಪಾಸಾಗಬೇಕು

ಸರ್ಕಾರಿ ಶುಲ್ಕ 100 ರೂಪಾಯಿ. ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಮುಂಚೆ ಪಾಸ್‌ಪೋರ್ಟ್ ಕೇಳುತ್ತಿದ್ದರು, ಹಳ್ಳಿ ಹುಡುಗರಿಗೆ ಅದೇ ದೊಡ್ಡ ಅಡ್ಡಿಯಾಗಿತ್ತು. 2023ರ ಸೆಪ್ಟೆಂಬರ್ ತಿದ್ದುಪಡಿ ನಂತರ ವೋಟರ್ ಐಡಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್‌ನಂಥ ಸರ್ಕಾರಿ ದಾಖಲೆ ಸಾಕು.

ನಿಜವಾದ ಖರ್ಚು ತರಬೇತಿ ಫೀಸಿನದ್ದು. ಅದನ್ನು ಸಂಸ್ಥೆಗಳೇ ನಿಗದಿ ಮಾಡುತ್ತವೆ, ಒಂದೊಂದು ಕಡೆ ಒಂದೊಂದು ದರ. ದುಡ್ಡು ಕಟ್ಟುವ ಮುಂಚೆ ಸಂಸ್ಥೆಯ ಹೆಸರು ಡಿಜಿಸಿಎ ಪಟ್ಟಿಯಲ್ಲಿ ಇದೆಯಾ ನೋಡಿ. ಎರಡು ದಿನದ ‘ವರ್ಕ್‌ಶಾಪ್’ ಮಾಡಿ ಗೋಲ್ಡ್ ಕಲರ್ ಸರ್ಟಿಫಿಕೇಟ್ ಕೊಡುವವರೂ ಇದ್ದಾರೆ. ಗೋಡೆಗೆ ಹಾಕಲು ಅದು ಚೆಂದ, ಆರ್‌ಪಿಸಿ ಅಲ್ಲ. ಯಾವ ವರ್ಗದ ಡ್ರೋನ್‌ಗೆ ತರಬೇತಿ ಕೊಡುತ್ತಾರೆ ಅಂತಲೂ ಕೇಳಿ. ಸರ್ಟಿಫಿಕೇಟ್‌ನಲ್ಲಿ ವರ್ಗ ನಮೂದಾಗಿರುತ್ತದೆ.

ಡ್ರೋನ್‌ಗೂ ನಂಬರ್ ಪ್ಲೇಟ್ ಇದೆ

ಬೈಕಿಗೆ ಆರ್‌ಟಿಒ ನಂಬರ್ ಇದ್ದಂತೆ ಡ್ರೋನ್‌ಗೆ ‘ಯುಐಎನ್’ ಅನ್ನುವ ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. 250 ಗ್ರಾಂ ಮೀರಿದ ಡ್ರೋನ್ ಕೊಂಡರೆ ಮೊದಲ ಕೆಲಸ ಇದನ್ನು ಮಾಡಿಸುವುದು. ಡಿಜಿಸಿಎಯ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ, ಶುಲ್ಕ 100 ರೂಪಾಯಿ.

ಸೆಕೆಂಡ್ ಹ್ಯಾಂಡ್ ಡ್ರೋನ್ ಕೊಳ್ಳುವವರು, ಮಾರುವವರು ಇದನ್ನು ಮರೆಯಬೇಡಿ. ಹೆಸರು ವರ್ಗಾವಣೆ ಪೋರ್ಟಲ್‌ನಲ್ಲೇ ಆಗಬೇಕು. ಬೈಕ್ ಮಾರಿ ಆರ್‌ಸಿ ಬದಲಿಸದೇ ಬಿಟ್ಟರೆ ಏನಾಗುತ್ತದೋ ಇಲ್ಲೂ ಅದೇ: ಹಾರಿಸಿದವನು ಯಾರೋ, ನೋಟಿಸ್ ಬರುವುದು ನಿಮ್ಮ ಮನೆಗೆ. ಡ್ರೋನ್ ಪೂರ್ತಿ ಹಾಳಾದರೆ ಅಥವಾ ಕಳೆದುಹೋದರೆ ನೋಂದಣಿ ರದ್ದು ಮಾಡಿಸಬೇಕು.

ಇನ್ನೊಂದು ದಾಖಲೆ ‘ಟೈಪ್ ಸರ್ಟಿಫಿಕೇಟ್’. ಇದು ನೀವು ಮಾಡಿಸುವುದಲ್ಲ, ಕಂಪನಿ ತನ್ನ ಮಾಡೆಲ್‌ಗೆ ಪಡೆಯುವಂಥದ್ದು. ನ್ಯಾನೊಗೆ ಇದು ಬೇಕಿಲ್ಲ. ಅದಕ್ಕಿಂತ ದೊಡ್ಡದನ್ನು ಕೊಳ್ಳುವಾಗ ‘ಈ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ ಇದೆಯಾ, ಯುಐಎನ್ ಆಗುತ್ತಾ?’ ಅಂತ ಅಂಗಡಿಯವರನ್ನು ಕೇಳಿ, ಉತ್ತರವನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಫಾರಿನ್ ಡ್ರೋನ್ ಕಡಿಮೆಗೆ ಸಿಕ್ಕರೆ?

ಹುಷಾರು. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಸಂಶೋಧನೆ, ರಕ್ಷಣೆ, ಭದ್ರತೆಯ ಉದ್ದೇಶಕ್ಕೆ ಮಾತ್ರ ವಿನಾಯಿತಿ. ಬಿಡಿಭಾಗ ತರಿಸಬಹುದು, ಇಡೀ ಡ್ರೋನ್ ತರಿಸುವಂತಿಲ್ಲ. ದುಬೈಯಿಂದ ಬರುವ ನೆಂಟರು ಬ್ಯಾಗಿನಲ್ಲಿ ತಂದುಕೊಟ್ಟರೆ ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು. ಬಿಲ್ ಇಲ್ಲದೆ ಆನ್‌ಲೈನ್‌ನಲ್ಲಿ ಮಾರುವ ಡ್ರೋನ್‌ಗಳಿಗೂ ಇದೇ ಮಾತು: ದುಡ್ಡು ಉಳಿಯಿತು ಅನ್ನಿಸುತ್ತದೆ, ಯುಐಎನ್ ಮಾಡಿಸಲು ಹೋದಾಗ ಸಿಕ್ಕಿಬೀಳುತ್ತೀರಿ.

ಬಿಲ್ ಸಮೇತ ಕೊಳ್ಳುವವರಿಗೆ ಒಂದು ಅನುಕೂಲ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಡ್ರೋನ್ ಮೇಲಿನ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಮುಂಚೆ ಶೇ 18, ಶೇ 28 ಇತ್ತು. ಬಿಲ್‌ನಲ್ಲಿ ಹಳೇ ದರ ಹಾಕಿದ್ದರೆ ಕೇಳಿ.

ಔಷಧಿ ಹೊಡೆಯುವ ಡ್ರೋನ್: ರೈತರು, ಬಾಡಿಗೆಗೆ ಬಿಡುವವರು ಗಮನಿಸಿ

ಭತ್ತ, ಮೆಕ್ಕೆಜೋಳಕ್ಕೆ ಡ್ರೋನ್ ಸಿಂಪಡಣೆ ಈಗ ಹೊಸದಲ್ಲ. ಇಲ್ಲಿ ಪೈಲಟ್‌ಗೆ ಆರ್‌ಪಿಸಿ, ಡ್ರೋನ್‌ಗೆ ಯುಐಎನ್ ಎರಡೂ ಬೇಕು. ‘ನಮ್ಮದೇ ಗದ್ದೆ, ನಮ್ಮದೇ ಡ್ರೋನ್’ ಅಂದರೂ ವಿನಾಯಿತಿ ಇಲ್ಲ, ಯಾಕಂದರೆ ಸ್ಮಾಲ್ ವರ್ಗಕ್ಕೆ ಆ ರಿಯಾಯಿತಿ ಕೊಟ್ಟಿಲ್ಲ. ಬೆಳೆಯಿಂದ ಹತ್ತು ಅಡಿ ಮೇಲೆ ಮಾತ್ರ ಹಾರುತ್ತೆ ಅನ್ನುವ ವಾದವೂ ನಿಲ್ಲೋದಿಲ್ಲ. ಕೆಂಪು ವಲಯದಲ್ಲಿ ಹತ್ತು ಅಡಿಯೂ ಕೆಂಪೇ. ಸೋಗಾನೆ ಅಕ್ಕಪಕ್ಕದ ರೈತರು ಡ್ರೋನ್ ಬುಕ್ ಮಾಡುವ ಮೊದಲು ಸರ್ವೆ ನಂಬರ್ ಇರುವ ಜಾಗವನ್ನು ಮ್ಯಾಪ್‌ನಲ್ಲಿ ತೋರಿಸಿ ಅಂತ ಬಾಡಿಗೆಯವರನ್ನೇ ಕೇಳಿ.

ಕಾನೂನಿನಷ್ಟೇ ಮುಖ್ಯವಾದದ್ದು ಗಾಳಿ. ಔಷಧಿ ಸಣ್ಣ ಹನಿಯಾಗಿ ಬೀಳುವುದರಿಂದ ಸ್ವಲ್ಪ ಗಾಳಿ ಎದ್ದರೂ ಪಕ್ಕದ ಗದ್ದೆಗೆ ಹೋಗುತ್ತದೆ. ಕಳೆನಾಶಕ ಆದರೆ ಪಕ್ಕದವರ ಬೆಳೆಯೇ ಸುಟ್ಟುಹೋಗಬಹುದು. ಜೇನುಪೆಟ್ಟಿಗೆ, ಮೀನಿನ ಹೊಂಡ, ಕುಡಿಯುವ ನೀರಿನ ಬಾವಿ, ರೇಷ್ಮೆಯ ಹಿಪ್ಪುನೇರಳೆ ತೋಟ ಹತ್ತಿರ ಇದ್ದರೆ ಡ್ರೋನ್ ಬೇಡ ಅಂದರೂ ತಪ್ಪಿಲ್ಲ. ಹಿಂದಿನ ದಿನವೇ ಅಕ್ಕಪಕ್ಕದವರಿಗೆ, ಗ್ರಾಮ ಪಂಚಾಯಿತಿಗೆ ತಿಳಿಸಿ, ದನಕರು ಆ ಕಡೆ ಬಿಡದಂತೆ ಹೇಳಿ. ಡ್ರೋನ್‌ನಲ್ಲಿ ಹೊಡೆಯಲು ಒಪ್ಪಿಗೆ ಇರುವ ಔಷಧಿಯನ್ನೇ ಬಳಸಿ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಡ್ರೋನ್ ಸಿಂಪಡಣೆಗೆ ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿದೆ, ವಿವರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಸ್ತ್ರೀಶಕ್ತಿ, ಸ್ವಸಹಾಯ ಸಂಘದವರಿಗೆ ‘ನಮೋ ಡ್ರೋನ್ ದೀದಿ’ ಯೋಜನೆ ಇದೆ. ಡ್ರೋನ್ ಬೆಲೆಯ ಶೇ 80, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಸಂಘದ ಒಬ್ಬ ಸದಸ್ಯೆಗೆ 15 ದಿನದ ತರಬೇತಿ, ಅದರಲ್ಲಿ 5 ದಿನ ಪೈಲಟ್ ತರಬೇತಿ, 10 ದಿನ ಕೃಷಿ ಕೆಲಸದ ತರಬೇತಿ. ಯೋಜನೆಯನ್ನು ಪ್ರಕಟಿಸಿದ್ದು 2025-26ರವರೆಗಿನ ಅವಧಿಗೆ. ಹಾಗಾಗಿ ಈಗಿನ ಸ್ಥಿತಿ ಏನಿದೆ ಅಂತ ಕೃಷಿ ಇಲಾಖೆಯಲ್ಲಿ ಕೇಳಿಯೇ ಮುಂದುವರಿಯಿರಿ.

ಜೋಗ, ಸಕ್ರೆಬೈಲು, ಇಕ್ಕೇರಿ: ಮ್ಯಾಪ್ ಹಸಿರಿದ್ದರೂ ಸಾಲದು

ಡ್ರೋನ್ ನಿಯಮ ಹೇಳುವುದು ಆಕಾಶದ ಬಗ್ಗೆ. ನೀವು ನಿಂತ ನೆಲಕ್ಕೆ ಬೇರೆ ಯಜಮಾನರು ಇರುತ್ತಾರೆ.

ಶೆಟ್ಟಿಹಳ್ಳಿ ಅಭಯಾರಣ್ಯ, ಶರಾವತಿ ಕಣಿವೆ, ಗುಡವಿ ಮತ್ತು ಮಂಡಗದ್ದೆಯ ಪಕ್ಷಿಧಾಮ, ಸಕ್ರೆಬೈಲು ಆನೆ ಬಿಡಾರದಂಥ ಕಡೆ ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಡ್ರೋನ್ ತೆಗೆಯಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯದೊಳಗೆ ಫೋಟೊ ತೆಗೆಯಲು ಹೋಗುವುದಕ್ಕೂ ಪರವಾನಗಿ ಇದೆ. ಗೂಡಿನಲ್ಲಿರುವ ಹಕ್ಕಿ ಡ್ರೋನ್ ಸದ್ದಿಗೆ ಎದ್ದು ಹೋದರೆ ಮೊಟ್ಟೆ, ಮರಿ ಕಾಗೆ ಪಾಲು. ಆನೆ ಬೆದರಿದರೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ.

ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಪ್ರೀ-ವೆಡ್ಡಿಂಗ್ ಶೂಟ್‌ಗೆ ಹೋಗುವವರು ಇಲಾಖೆ ಅನುಮತಿ ಮೊದಲೇ ಪಡೆಯಬೇಕು. ಲಿಂಗನಮಕ್ಕಿ, ಗಾಜನೂರು, ಭದ್ರಾ ಅಣೆಕಟ್ಟು, ವಿದ್ಯುತ್ ಕೇಂದ್ರಗಳ ಹತ್ತಿರ ಸಂಬಂಧಪಟ್ಟ ಅಧಿಕಾರಿಗಳನ್ನು ಕೇಳದೆ ಹಾರಿಸಲೇಬೇಡಿ. ಜೋಗದಲ್ಲೂ ಮೊದಲು ಕೇಳಿ, ಆಮೇಲೆ ಬ್ಯಾಗ್ ಬಿಚ್ಚಿ. ಅಲ್ಲಿನ ಗಾಳಿ, ತುಂತುರು ಕೂಡ ಡ್ರೋನ್‌ಗೆ ಒಳ್ಳೇದಲ್ಲ.

ಜಾತ್ರೆ, ಮೆರವಣಿಗೆ, ವಿಐಪಿ ಭೇಟಿ

ಪೊಲೀಸರು ಒಂದು ಜಾಗವನ್ನು ‘ತಾತ್ಕಾಲಿಕ ಕೆಂಪು ವಲಯ’ ಅಂತ ಘೋಷಿಸಬಹುದು. ಒಮ್ಮೆಗೆ ಗರಿಷ್ಠ 96 ಗಂಟೆ. ಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ಇದನ್ನು ಮಾಡುವಂತಿಲ್ಲ. ಮಾರಿಕಾಂಬಾ ಜಾತ್ರೆ, ಗಣಪತಿ ವಿಸರ್ಜನೆ, ಮಂತ್ರಿಗಳ ಕಾರ್ಯಕ್ರಮ ಇದ್ದ ದಿನ ಎಲ್ಲಾ ಕಡೆ ಹಾರಿಸಿದ ಹಾಗೆ ಅಲ್ಲೂ ಹಾರಿಸಬೇಡಿ. ಹಸಿರು ವಲಯಕ್ಕೆ ಸ್ಟೇಷನ್ ಅನುಮತಿ ಅಂತ ಡ್ರೋನ್ ನಿಯಮದಲ್ಲಿ ಹೇಳಿಲ್ಲ. ಆದರೂ ಜನ ಸೇರುವ ಕಡೆ ಮೊದಲೇ ಠಾಣೆಗೆ ತಿಳಿಸಿಟ್ಟರೆ ಮಧ್ಯದಲ್ಲಿ ಬಂದು ನಿಲ್ಲಿಸುವ ರಗಳೆ ಇರುವುದಿಲ್ಲ.

ವಿಮೆ, ಅಪಘಾತ, ಪಕ್ಕದ ಮನೆ

ನ್ಯಾನೊ ಬಿಟ್ಟು ಉಳಿದ ಡ್ರೋನ್‌ಗಳಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಕಾರು-ಬೈಕಿಗೆ ಇದ್ದ ಹಾಗೇ. ಮದುವೆ ಮನೆಯಲ್ಲಿ ರೆಕ್ಕೆ ತಾಗಿ ಮಗುವಿನ ಕಣ್ಣಿಗೆ ಪೆಟ್ಟಾದರೆ ಪರಿಹಾರ ಯಾರು ಕೊಡಬೇಕು? ವಿಮೆ ಇಲ್ಲದಿದ್ದರೆ ಸ್ಟುಡಿಯೋದವನೇ ಕೈಯಿಂದ ಕೊಡಬೇಕಾಗುತ್ತದೆ. ಒಂದು ಸೀಸನ್ ದುಡಿಮೆ ಅಲ್ಲಿಗೆ ಮುಗಿಯಿತು.

ಅಪಘಾತ ಆದರೆ 48 ಗಂಟೆಯೊಳಗೆ ಪೋರ್ಟಲ್ ಮೂಲಕ ಡಿಜಿಸಿಎಗೆ ವರದಿ ಮಾಡಬೇಕು. ಯಾರಿಗಾದರೂ ಪೆಟ್ಟಾದರೆ ನಿರ್ಲಕ್ಷ್ಯದ ಕಾರಣಕ್ಕೆ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಪೊಲೀಸ್ ಕೇಸೂ ಆಗಬಹುದು. ವಿಮಾನ, ಹೆಲಿಕಾಪ್ಟರ್ ಕಂಡರೆ ತಕ್ಷಣ ಇಳಿಸಿ, ಮನುಷ್ಯರಿರುವ ವಿಮಾನಕ್ಕೇ ಯಾವಾಗಲೂ ಮೊದಲ ದಾರಿ. ಮೆಸ್ಕಾಂ ಲೈನ್, ಮೊಬೈಲ್ ಟವರ್, ಹದ್ದು ಹಾರುವ ಜಾಗ, ಮಂಜು, ಮಳೆ ಇವುಗಳಿಂದ ದೂರ ಇರಿ. ಡ್ರೋನ್ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಲಿ.

ಬೇರೆಯವರ ಅಂಗಳ, ಕಿಟಕಿ, ಹೊಳೆಯಲ್ಲಿ ಸ್ನಾನ ಮಾಡುವ ಜಾಗದ ಮೇಲೆ ಕ್ಯಾಮೆರಾ ತಿರುಗಿಸಬೇಡಿ. ಖಾಸಗಿ ಕ್ಷಣದ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ ಅಪರಾಧ. ಹೆಂಗಸರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಕೂಡ ಬರುತ್ತದೆ.

ನಿಮ್ಮ ಮನೆ ಮೇಲೆ ಯಾರದ್ದೋ ಡ್ರೋನ್ ಸುತ್ತುತ್ತಿದ್ದರೆ ಕಲ್ಲು ಹೊಡೆದು ಬೀಳಿಸಲು ಹೋಗಬೇಡಿ. ಕೆಳಗಿರುವವರ ತಲೆ ಮೇಲೆ ಬೀಳಬಹುದು, ನಷ್ಟದ ಕೇಸ್ ನಿಮ್ಮ ಮೇಲೇ ಆಗಬಹುದು. ವಿಡಿಯೊ ಮಾಡಿಕೊಳ್ಳಿ, ಸಮಯ ಬರೆದಿಟ್ಟುಕೊಳ್ಳಿ, 112ಕ್ಕೆ ಕರೆ ಮಾಡಿ.

ಬಾಡಿಗೆಗೆ ಕರೆಯುವವರು ಏನು ಕೇಳಬೇಕು?

ಮದುವೆ ಮನೆಯವರು, ಕಲ್ಯಾಣ ಮಂಟಪದವರು, ಅಂಗಡಿ ಮಾಲೀಕರು ಅಡ್ವಾನ್ಸ್ ಕೊಡುವ ಮುಂಚೆ ಈ ಐದು ಕೇಳಿ:

1. ಡ್ರೋನ್ ತೂಕ ಎಷ್ಟು, ಯಾವ ವರ್ಗ?
2. ಯುಐಎನ್ ಇದೆಯಾ?
3. ಹಾರಿಸುವವರ ಬಳಿಯೇ ಆರ್‌ಪಿಸಿ ಇದೆಯಾ? ಮಾಲೀಕರದ್ದು ತೋರಿಸಿ ಹುಡುಗನ ಕೈಗೆ ರಿಮೋಟ್ ಕೊಟ್ಟರೆ ಆಗೋದಿಲ್ಲ.
4. ಥರ್ಡ್ ಪಾರ್ಟಿ ವಿಮೆ ಚಾಲ್ತಿಯಲ್ಲಿದೆಯಾ?
5. ನಮ್ಮ ಜಾಗ ಮ್ಯಾಪ್‌ನಲ್ಲಿ ಯಾವ ಬಣ್ಣ? ಇವತ್ತಿನ ಸ್ಕ್ರೀನ್‌ಶಾಟ್ ಕಳಿಸ್ತೀರಾ?

ಐದಕ್ಕೂ ಉತ್ತರ ಕೊಡುವವರು ಸ್ವಲ್ಪ ಹೆಚ್ಚು ದುಡ್ಡು ಕೇಳಬಹುದು. ತರಬೇತಿಗೆ, ವಿಮೆಗೆ ಅವರು ಖರ್ಚು ಮಾಡಿರುತ್ತಾರೆ. ನಾವು ಬರೀ ಕಡಿಮೆ ರೇಟ್ ಹುಡುಕುತ್ತಾ ಹೋದರೆ, ನಿಯಮ ಪಾಲಿಸಿದ ನಮ್ಮೂರ ಹುಡುಗರೇ ಕೆಲಸ ಕಳೆದುಕೊಳ್ಳುತ್ತಾರೆ.

ಮುಂದೆ ಬದಲಾಗಬಹುದು

ಡ್ರೋನ್‌ಗಳಿಗೆ ಪ್ರತ್ಯೇಕ ಕಾಯ್ದೆ ತರಲು ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಕರಡು ಮಸೂದೆ ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ಹಾಗಾಗಿ ದೊಡ್ಡ ಡ್ರೋನ್ ಕೊಳ್ಳಲು ಸಾಲ ಮಾಡುವ ಮುಂಚೆ ಡಿಜಿಸಿಎ ಪೋರ್ಟಲ್‌ನಲ್ಲಿ ಆ ದಿನದ ನಿಯಮ ಒಮ್ಮೆ ಓದಿಕೊಳ್ಳಿ. ಈ ಸೀಸನ್ನಿಗೆ ಮಾತ್ರ ಲೆಕ್ಕ ಸರಳ: ತೂಕ ನೋಡಿ, ಮ್ಯಾಪ್ ನೋಡಿ, ದುಡ್ಡಿನ ಕೆಲಸ ಆದರೆ ಸರ್ಟಿಫಿಕೇಟ್ ಜೇಬಲ್ಲಿ ಇಟ್ಟುಕೊಂಡು ರಿಮೋಟ್ ಹಿಡಿಯಿರಿ.